ಹಾಲು ನೋಡಿ ಬರ್ತೀನಿ

ಎನ್.ಆರ್. ಕಾಲೋನಿಯ ನಮ್ಮ ಮನೆಯಲ್ಲಿ ಟೀವಿ ಇದ್ದದ್ದು ನಡುಮನೆಯಲ್ಲಿ, ಅಪ್ಪನ ಬೆತ್ತದ ಕುರ್ಚಿಗೆ ನೇರ ಎದುರಿಗೆ. ಟೀವಿ ಅಂದರೆ ಎಲ್ಲರೂ ಕೂತು ನೋಡುವ ವಸ್ತು, ಒಬ್ಬೊಬ್ಬರೇ ನೋಡುವುದು ಅಂತ ಇರಲಿಲ್ಲ. ಆದ್ದರಿಂದ ತೆರೆಯ ಮೇಲೆ ಹೀರೋ ಹೀರೋಯಿನ್ನಿನ ಹತ್ತಿರ ಸರಿದರೆ ಏನು ಮಾಡಬೇಕು ಅನ್ನುವುದಕ್ಕೆ, ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತಿದ್ದ ಒಂದು ಪದ್ಧತಿ ಇತ್ತು. ಅಪ್ಪ ಬೆಳಿಗ್ಗೆಯೇ ಓದಿ ಮುಗಿಸಿದ್ದ ಪೇಪರನ್ನು ಮತ್ತೆ ಬಿಡಿಸಿ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ನಾನು ಕಾಲಿನ ಉಗುರು ನೋಡಿಕೊಳ್ಳುತ್ತಿದ್ದೆ. ಅಮ್ಮ "ಹಾಲು ನೋಡಿ ಬರ್ತೀನಿ" ಅಂತ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು, ಸೀನು ಮುಗಿದ ಮೇಲೆ ಬರುತ್ತಿದ್ದಳು. ಬೀದಿಯ ಎಲ್ಲ ಮನೆಗಳಲ್ಲೂ ಹೀಗೇ. ಆ ಹೊತ್ತಿಗೆ ಸರಿಯಾಗಿ ಉಕ್ಕುತ್ತಿದ್ದ ಹಾಲನ್ನೆಲ್ಲ ಸೇರಿಸಿದ್ದರೆ ಇಡೀ ಬಸವನಗುಡಿಗೆ ಪಾಯಸ ಮಾಡಬಹುದಿತ್ತು.

ಈ ಪದ್ಧತಿಯೇ ಮುಂದೆ ನನ್ನ ಕೆಲಸಕ್ಕೆ ಮುಳುವಾಯಿತು. ಇಷ್ಟು ವರ್ಷದ ಮೇಲೂ ಅದನ್ನು ಹೇಳಲು ಕೂತರೆ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಅನ್ನುವುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.

ತೊಂಬತ್ತರ ದಶಕದಲ್ಲಿ ಖಾಸಗಿ ಚಾನೆಲ್ಲುಗಳು ಬಂದಾಗ ನಾನು ಒಂದು ಕನ್ನಡ ಚಾನೆಲ್ಲಿನ ಟೇಪ್ ಲೈಬ್ರರಿಗೆ ಸೇರಿದೆ. ಕ್ಯಾಸೆಟ್ಟುಗಳಿಗೆ ಚೀಟಿ ಅಂಟಿಸಿ ಜೋಡಿಸುವ ಕೆಲಸ. ಅಲ್ಲಿಂದ ಕಾರ್ಯಕ್ರಮ ವಿಭಾಗಕ್ಕೆ ಬಂದು, ಕೆಲವು ವರ್ಷ ಅತ್ತೆ ಸೊಸೆ ಅಳುವ ಸೀರಿಯಲ್ಲುಗಳ ಸ್ಕ್ರಿಪ್ಟ್ ಓದಿ ಓದಿ ಕಣ್ಣು ಕೆಡಿಸಿಕೊಂಡು, ಹೊಸ ಶತಮಾನ ಕಾಲಿಡುವ ಹೊತ್ತಿಗೆ ಎಕ್ಸಿಕ್ಯುಟಿವ್ ಆದೆ. ಯಾವ ಕಾರ್ಯಕ್ರಮ ಮಾಡಬೇಕು, ಯಾರ ಕೈಲಿ ಮಾಡಿಸಬೇಕು, ಯಾವ ಹೊತ್ತಿಗೆ ಹಾಕಬೇಕು ಅಂತ ನೋಡಿಕೊಳ್ಳುವವಳು. ನೆಂಟರಿಗೆ ಇದು ತಲೆಗೆ ಹೋಗುತ್ತಿರಲಿಲ್ಲ. "ನ್ಯೂಸ್ ಓದ್ತಾಳಾ?" ಅಂತ ಕೇಳುತ್ತಿದ್ದರು. ಇಲ್ಲ ಅಂದರೆ "ಹಾಗಾದ್ರೆ ಟೀವೀಲಿ ಏನ್ ಮಾಡ್ತಾಳೆ?" ಅಂತ ಇನ್ನಷ್ಟು ಅನುಮಾನದಿಂದ ನೋಡುತ್ತಿದ್ದರು.

ದೊಡ್ಡವರಿಗೆ ಕಾರ್ಟೂನ್ ಮಾಡಬೇಕು ಅನ್ನುವ ಯೋಚನೆ ನನಗೆ ಬಂದದ್ದು ಅಪ್ಪನನ್ನು ನೋಡಿ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ರಿಟೈರಾದವರು, ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಅಂಥವರೂ ಬೆಳಿಗ್ಗೆ ಪೇಪರ್ ಬಂದ ತಕ್ಷಣ ಮೊದಲು ನೋಡುತ್ತಿದ್ದದ್ದು ಮುಖಪುಟದ ಮೂಲೆಯ ವ್ಯಂಗ್ಯಚಿತ್ರ. ಅದನ್ನು ನೋಡಿ ಮೂಗಿನಲ್ಲಿ ಒಂದು ಸಣ್ಣ ಶಬ್ದ ಮಾಡಿ ಆಮೇಲೆ ಸುದ್ದಿಗೆ ಹೋಗುತ್ತಿದ್ದರು. ಪೇಪರಿನಲ್ಲಿ ನಗಿಸುವ ಗೆರೆ ಟೀವಿಯಲ್ಲಿ ಯಾಕೆ ನಗಿಸಬಾರದು? ಸಂಸಾರದೊಳಗಿನ ನಿಜವಾದ ಮಾತುಗಳನ್ನು ನಿಜವಾದ ನಟರ ಬಾಯಲ್ಲಿ ಆಡಿಸಿದರೆ ಜನ ಕೋಪ ಮಾಡಿಕೊಳ್ಳುತ್ತಾರೆ, ಗೊಂಬೆಯ ಬಾಯಲ್ಲಿ ಆಡಿಸಿದರೆ ಕೇಳಿಸಿಕೊಳ್ಳಬಹುದು ಅನ್ನುವುದು ನನ್ನ ಲೆಕ್ಕಾಚಾರ.

ಪ್ರಸ್ತಾವನೆ ಬರೆದು ಬಾಸ್ ಮುಂದಿಟ್ಟೆ. ನಮ್ಮ ಬಾಸ್ ಜಾಹೀರಾತು ಕಂಪನಿಯಿಂದ ಬಂದವರು, ಮಲ್ಲೇಶ್ವರದವರು, ಕೆಟ್ಟವರಲ್ಲ, ಆದರೆ ಎಲ್ಲದಕ್ಕೂ ಹೆದರುವವರು. ಮೊದಲ ಸಾಲಿನಲ್ಲೇ ಅವರ ಬೆರಳು ನಿಂತಿತು.

"ಅಡಲ್ಟ್ ಅನಿಮೇಷನ್ ಅಂತ ಬರೆದಿದೀರಲ್ಲಮ್ಮ. ಮೆಜೆಸ್ಟಿಕ್ ಕಡೆ ಬೆಳಗಿನ ಆಟ ಹಾಕ್ತಾರಲ್ಲ, ಆ ಥರದ್ದಾ?"

"ಅಲ್ಲ ಸಾರ್. ದೊಡ್ಡೋರು ನೋಡೋ ಕಾರ್ಟೂನು."

"ದೊಡ್ಡೋರು ಯಾಕಮ್ಮ ಕಾರ್ಟೂನ್ ನೋಡ್ತಾರೆ?"

"ಬೆಳಿಗ್ಗೆ ಪೇಪರಲ್ಲಿ ನೀವು ಮೊದಲು ಏನ್ ನೋಡ್ತೀರಾ ಸಾರ್?"

ಅವರು ಅಡಲ್ಟ್ ಅನ್ನುವ ಪದವನ್ನು ಹೊಡೆದುಹಾಕಿ ಸಹಿ ಮಾಡಿದರು. ಮನೆಯಲ್ಲಿ ಆಗ ನನಗೆ ಗಂಡು ಹುಡುಕುವ ಕೆಲಸ ಬೇರೆ ನಡೆಯುತ್ತಿತ್ತು. ಬಂದವರಿಗೆ ಅಮ್ಮ ಪ್ರಾಮಾಣಿಕವಾಗಿ "ದೊಡ್ಡೋರ ಗೊಂಬೆ ಮಾಡಿಸ್ತಾಳೆ" ಅಂದುಬಿಟ್ಟಳು. ಅವರು ಉಪ್ಪಿಟ್ಟನ್ನು ಅರ್ಧಕ್ಕೆ ಬಿಟ್ಟು ಎದ್ದರು. ಅಪ್ಪ ಆ ಸಂಜೆ "ಟೀವೀಲಿದಾಳೆ ಅಂದ್ರೆ ಸಾಕು, ಜಾಸ್ತಿ ವಿವರಿಸಬೇಡ" ಅಂತ ಅಮ್ಮನಿಗೆ ಹೇಳಿದ್ದು ಕೇಳಿಸಿತು. ಮದುವೆ ಆಗಲಿಲ್ಲ, ಅದರ ಬಗ್ಗೆ ನಾನು ತಲೆಯನ್ನೂ ಕೆಡಿಸಿಕೊಳ್ಳಲಿಲ್ಲ. ನನಗೆ ಆಗ ಬೇಕಿದ್ದದ್ದು ಈ ಕಾರ್ಯಕ್ರಮ ಒಂದೇ.

ಕಥೆ ಸರಳ. ಚಾಮರಾಜಪೇಟೆಯ ಒಂದು ವಠಾರ, ಅಲ್ಲಿ ರಿಟೈರಾದ ರಾಯರು, ಅವರ ಹೆಂಡತಿ. ರಾಯರಿಗೆ ಲೋಕದ ಎಲ್ಲ ವಿಷಯದ ಮೇಲೂ ಅಭಿಪ್ರಾಯವಿದೆ. ಹೆಂಡತಿಗೆ ರಾಯರ ಮೇಲೆ ಅಭಿಪ್ರಾಯವಿದೆ. ರಾಯರು ಉದ್ದಕ್ಕೆ ಭಾಷಣ ಬಿಗಿಯುತ್ತಾರೆ, ಹೆಂಡತಿ ಅವರೇಕಾಯಿ ಸುಲಿಯುತ್ತಾ ಕೊನೆಗೆ ಒಂದು ಮಾತು ಆಡುತ್ತಾಳೆ, ರಾಯರ ಭಾಷಣದ ಗಾಳಿ ಹೋಗುತ್ತದೆ. ಆ ಒಂದು ಮಾತಿಗಾಗಿಯೇ ನಾನು ಇಡೀ ಕಾರ್ಯಕ್ರಮ ಕಟ್ಟಿದ್ದು.

ಚಿತ್ರ ಬರೆಯುತ್ತಿದ್ದದ್ದು ಚಾಮರಾಜಪೇಟೆಯಲ್ಲೇ, ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮಹಡಿಯ ಮೇಲೆ. ಕೆಳಗೆ ಮದುವೆ ಕಾರ್ಡು ಅಚ್ಚಾಗುವ ಸದ್ದಿಗೆ ಮೇಲಿನ ಮೇಜುಗಳು ಅಲುಗಾಡುತ್ತಿದ್ದವು. ಮುಖ್ಯ ಕಲಾವಿದ ಶ್ರೀರಾಂಪುರದವನು, ಮೊದಲು ಸಿನಿಮಾ ಬ್ಯಾನರ್ ಬರೆಯುತ್ತಿದ್ದವನು, ಫ್ಲೆಕ್ಸ್ ಬಂದು ಆ ಕೆಲಸ ಖಾಲಿಯಾದ ಮೇಲೆ ಇಲ್ಲಿಗೆ ಬಂದಿದ್ದ. ನಮ್ಮಲ್ಲಿ ಮೊದಲು ಧ್ವನಿ ರೆಕಾರ್ಡ್ ಆಗುತ್ತಿತ್ತು. ಆ ಧ್ವನಿಯನ್ನು ಕೇಳಿಕೊಂಡು, ಯಾವ ಅಕ್ಷರಕ್ಕೆ ಬಾಯಿ ಎಷ್ಟು ತೆರೆಯಬೇಕೋ ಅಷ್ಟು ತೆರೆಸಿ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದರು. ಬಣ್ಣ ಹಾಕುವ ಮೊದಲು ಆ ಪೆನ್ಸಿಲ್ ಚಿತ್ರಗಳನ್ನೇ ಧ್ವನಿಗೆ ಜೋಡಿಸಿ ಒಂದು ಕ್ಯಾಸೆಟ್ ಮಾಡಿ ನನಗೆ ಕೊಡುತ್ತಿದ್ದರು. ಏನಾದರೂ ತೆಗೆಯಬೇಕಿದ್ದರೆ ಆಗಲೇ ಹೇಳಬೇಕು, ಬಣ್ಣ ಬಿದ್ದ ಮೇಲೆ ಮುಟ್ಟುವ ಹಾಗಿಲ್ಲ.

ರಾಯರ ಹೆಂಡತಿಗೆ ಧ್ವನಿ ಕೊಟ್ಟದ್ದು ಮಲ್ಲೇಶ್ವರದ ಒಬ್ಬ ಬ್ಯಾಂಕ್ ಉದ್ಯೋಗಿ. ಹವ್ಯಾಸಿ ನಾಟಕ ಮಾಡಿಕೊಂಡಿದ್ದವರು, ಇಬ್ಬರು ಮಕ್ಕಳ ತಾಯಿ. ಬ್ಯಾಂಕು ಮುಗಿಸಿ, ಕೈಯಲ್ಲಿ ಸೊಪ್ಪಿನ ಚೀಲ ಹಿಡಿದುಕೊಂಡೇ ರೆಕಾರ್ಡಿಂಗಿಗೆ ಬರುತ್ತಿದ್ದರು. ಮೈಕ್ ಮುಂದೆ ನಿಂತು, ಧ್ವನಿ ಏರಿಸದೆ, ಸಾರಿಗೆ ಒಗ್ಗರಣೆ ಹಾಕುವಷ್ಟು ಸಲೀಸಾಗಿ ಆ ಮಾತುಗಳನ್ನು ಆಡುತ್ತಿದ್ದರು. ಅವರ ಬಾಯಿಂದ ಕೇಳಿದಾಗ ನಾನು ಬರೆಸಿದ್ದಕ್ಕಿಂತ ಆ ಹೆಂಗಸು ದೊಡ್ಡವಳಾಗಿ ಕಾಣುತ್ತಿದ್ದಳು.

ಮೊದಲ ಪೆನ್ಸಿಲ್ ಕ್ಯಾಸೆಟ್ಟನ್ನು ಮನೆಗೆ ತಂದೆ. ಬಾಸ್ ಹೇಳಿದ್ದರು, "ನಿಮ್ಮನೇಲಿ ಎಲ್ಲರ ಜೊತೆ ಕೂತು ನೋಡಿ. ಅಲ್ಲಿ ಓಡಿದ್ರೆ ಕರ್ನಾಟಕದಲ್ಲೆಲ್ಲ ಓಡುತ್ತೆ." ನನಗೂ ಹುರುಪು. ನಡುಮನೆಯಲ್ಲಿ ಹಾಕಿದೆ. ರಾಯರು ಊಟಕ್ಕೆ ಕೂತು, ಸಾರಿಗೆ ಉಪ್ಪು ಕಮ್ಮಿ ಅಂತ ಶುರು ಮಾಡಿ, ಉಪ್ಪಿನ ಸತ್ಯಾಗ್ರಹದವರೆಗೆ ಹೋಗುತ್ತಾರೆ. ಹೆಂಡತಿ ಬಡಿಸುತ್ತಲೇ ಹೇಳುತ್ತಾಳೆ, "ಮೂವತ್ತು ವರ್ಷದಿಂದ ಅದೇ ಡಬ್ಬಿ, ಅದೇ ಚಮಚ. ರಿಟೈರ್ ಆಗಿರೋದು ನಿಮ್ಮ ನಾಲಿಗೆ, ನನ್ನ ಕೈ ಅಲ್ಲ."

ಅಪ್ಪನ ಪೇಪರ್ ಮೇಲೆ ಹೋಯಿತು. ಅಮ್ಮ ತುಟಿ ಬಿಗಿಹಿಡಿದು "ಹಾಲು ನೋಡಿ ಬರ್ತೀನಿ" ಅಂತ ಎದ್ದಳು.

ಮಾರನೆಯ ದಿನ ಮೀಟಿಂಗಿನಲ್ಲಿ ಬಾಸ್ ಕೇಳಿದರು, ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಮ್ಮ ಒಂದು ಸೀನಿಗೆ ಎದ್ದು ಹೋದಳು ಅಂತ. ಎಲ್ಲರ ಮನೆಯಲ್ಲೂ ಅದೇ ಪದ್ಧತಿ ಇದ್ದದ್ದರಿಂದ ಯಾರಿಗೂ ಅದರ ಅರ್ಥ ವಿವರಿಸಬೇಕಾಗಲಿಲ್ಲ. ಇಡೀ ಕೋಣೆ ಗಂಭೀರವಾಯಿತು. "ಹಾಗಾದ್ರೆ ತೆಗೆದುಬಿಡಿ" ಅಂದರು ಬಾಸ್. "ನಿಮ್ಮ ತಾಯಿ ವಯಸ್ಸಿನ ಹೆಂಗಸರೇ ನಮ್ಮ ವೀಕ್ಷಕರು. ಅವರು ಎದ್ದು ಹೋದ್ರೆ ಮನೆ ಟೀವೀನೇ ಆಫ್ ಆದಂಗೆ." ನಾನು ವಾದ ಮಾಡಿದೆ. ಆದರೆ ಅಮ್ಮನಿಗೆ ಮುಜುಗರವಾಗಿದೆ ಅಂತ ನಾನೇ ನಂಬಿದ್ದೆನಲ್ಲ, ವಾದಕ್ಕೆ ಬಲವೇ ಇರಲಿಲ್ಲ.

ಅಲ್ಲಿಂದ ಅದು ನಿಯಮವಾಯಿತು. ಆಫೀಸಿನಲ್ಲಿ ಅದಕ್ಕೆ ಹಾಲಿನ ಟೆಸ್ಟ್ ಅಂತ ಹೆಸರೂ ಬಿತ್ತು. ಪ್ರತಿ ಕ್ಯಾಸೆಟ್ ನಮ್ಮ ನಡುಮನೆಗೆ ಬರುತ್ತಿತ್ತು. ಬೆಳಿಗ್ಗೆ ನಾನು ಆಫೀಸಿಗೆ ಕಾಲಿಟ್ಟ ತಕ್ಷಣ ಎಡಿಟರ್ "ಮೇಡಂ, ಅಮ್ಮ ಎದ್ರಾ?" ಅಂತ ಕೇಳುತ್ತಿದ್ದ. ಅಮ್ಮನಿಗೆ ಇದು ಯಾವುದೂ ಗೊತ್ತಿರಲಿಲ್ಲ. ಹೇಳಿದರೆ ಸಂಕೋಚಕ್ಕೆ ಕೂತೇ ಇರುತ್ತಾಳೆ, ಟೆಸ್ಟ್ ಕೆಟ್ಟುಹೋಗುತ್ತದೆ ಅಂತ ನಾನು ಹೇಳಿರಲಿಲ್ಲ.

ಅಮ್ಮ ಏಳುತ್ತಲೇ ಹೋದಳು. ಒಂದು ಸೀನಿನಲ್ಲಿ ದೀಪ ಆರಿಸಿದ ಮೇಲೆ ರಾಯರು ಕನ್ನಡಕ ಹುಡುಕುವ ನೆಪದಲ್ಲಿ ಹೆಂಡತಿಯ ಹಾಸಿಗೆಯ ಕಡೆ ತಡವರಿಸಿಕೊಂಡು ಬರುತ್ತಾರೆ. ಕತ್ತಲಲ್ಲಿ ಅವಳ ಧ್ವನಿ ಮಾತ್ರ: "ಕನ್ನಡಕ ಇದ್ದಾಗ್ಲೂ ನಿಮಗೆ ಏನೂ ಸಿಕ್ಕಿದ್ದು ನನಗೆ ನೆನಪಿಲ್ಲ. ಮಲಗಿ." ಬರೆದದ್ದನ್ನು ಓದುವಾಗ ಸ್ಟುಡಿಯೋದಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡಿದ್ದರು. ಮನೆಯಲ್ಲಿ ಅಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು ಹೆಚ್ಚುಕಮ್ಮಿ ಓಡಿದಳು. ಇನ್ನೊಂದರಲ್ಲಿ ನಲ್ಲಿಯ ಹತ್ತಿರ ಪಕ್ಕದ ಮನೆಯಾಕೆ, ರಾಯರು ಊರಿಗೆ ಹೋದರೆ ಏನು ಮಾಡ್ತೀರಿ ಅಂತ ಕೇಳುತ್ತಾಳೆ. "ದೋಸೆ ಮಾಡ್ಕೋತೀನಿ" ಅನ್ನುತ್ತಾಳೆ ರಾಯರ ಹೆಂಡತಿ. "ಕಾವಲಿ ಮುಂದೆ ನಿಂತ್ಕೊಂಡು, ಮೊದಲು ನಾನೇ ತಿಂತೀನಿ. ಬಿಸಿ ದೋಸೆ ಹೇಗಿರುತ್ತೆ ಅಂತ ಮರೆತೇಹೋಗಿದೆ." ಇದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ ಅಂತ ನನಗೆ ಹೊಳೆಯಲಿಲ್ಲ. ಆದರೂ ಅಮ್ಮ ಎದ್ದಳು, ಈ ಸಲ ಹಾಲಿನ ಮಾತೂ ಆಡದೆ. ಬಹಳ ಹೊತ್ತು ಬರಲಿಲ್ಲ. ಮಾರನೆಯ ದಿನ ದೋಸೆಯೂ ಹೋಯಿತು.

ಬರಬರುತ್ತಾ ಸ್ಕ್ರಿಪ್ಟ್ ಬರೆಸುವಾಗಲೇ ಇಂಥ ಮಾತುಗಳನ್ನು ಬಿಡತೊಡಗಿದೆವು. ಕೊನೆಗೆ ರಾಯರ ಹೆಂಡತಿಗೆ ಉಳಿದದ್ದು "ಕಾಫಿ ತರ್ಲಾ?" ಅನ್ನುವುದೊಂದೇ. ರಾಯರ ಭಾಷಣ ಮಾತ್ರ ಪೂರ್ತಿ ಇತ್ತು, ಅದಕ್ಕೆ ಯಾರೂ ಎದ್ದು ಹೋಗುತ್ತಿರಲಿಲ್ಲವಲ್ಲ. ಸ್ಟುಡಿಯೋದವರಿಗೆ ಇದರಿಂದ ಖುಷಿಯೇ ಆಯಿತು. ಬಾಯಿ ಮುಚ್ಚಿದ ಮುಖವನ್ನು ಒಂದು ಸಲ ಬರೆದರೆ ಸಾಕು, ಬೇಕಾದಷ್ಟು ಹೊತ್ತು ಅದನ್ನೇ ಇಡಬಹುದು. "ಕೆಲಸ ಅರ್ಧ ಕಮ್ಮಿ ಆಯ್ತು ಮೇಡಂ, ಆಯಮ್ಮ ಇನ್ನು ಸುಮ್ನೇ ಇರಲಿ ಬಿಡಿ" ಅಂದ ಕಲಾವಿದ, ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು. ಅವನನ್ನು ಬೈಯುವ ಹಾಗೂ ಇರಲಿಲ್ಲ.

ಧ್ವನಿ ಕೊಡುತ್ತಿದ್ದವರು ಒಂದು ಸಂಜೆ ಸ್ಕ್ರಿಪ್ಟ್ ನೋಡಿ, ಹಾಳೆ ತಿರುಗಿಸಿ, ಮತ್ತೆ ಮೊದಲ ಹಾಳೆಗೆ ಬಂದರು. "ಇಷ್ಟೇನಾ ಮೇಡಂ?" ಅಂದರು. ನಾನು ಹೌದು ಅಂದೆ. ಅವರು ಸೊಪ್ಪಿನ ಚೀಲ ಎತ್ತಿಕೊಂಡರು.

"ಇನ್ನು ಮೇಲೆ ಕರೀಬೇಡಿ. ಕಾಫಿ ತಂದಿಡೋ ಕೆಲಸ ನನಗೆ ಮನೇಲೇ ಇದೆ."

ಕಾರ್ಯಕ್ರಮವನ್ನು ನೋಡಿದವರು ಕಡಿಮೆ. ನೋಡಿದವರು ಬೋರು ಅಂದರು, ಸರಿಯಾಗಿಯೇ ಅಂದರು. ಗಂಡಸೊಬ್ಬ ಕೂತು ಮಾತಾಡುವುದನ್ನು ನೋಡಲು ಟೀವಿ ಯಾಕೆ ಬೇಕು, ಪ್ರತಿ ಮನೆಯಲ್ಲೂ ಒಬ್ಬರಿದ್ದಾರೆ. ಚಾನೆಲ್ಲಿನವರು ಅದನ್ನು ರಾತ್ರಿಯ ಊಟದ ಹೊತ್ತಿನಿಂದ ಭಾನುವಾರ ಬೆಳಿಗ್ಗೆಗೆ ಎತ್ತಿಹಾಕಿದರು, ಕಾರ್ಟೂನ್ ತಾನೆ, ಮಕ್ಕಳು ನೋಡಲಿ ಅಂತ. ಮಕ್ಕಳಿಗೆ ರಾಯರು ಬೇಕಾಗಿರಲಿಲ್ಲ. ಕೆಲವು ವಾರದಲ್ಲಿ ನಿಂತಿತು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದರು, ಅಡುಗೆ ಕಾರ್ಯಕ್ರಮಕ್ಕೆ ಹಾಕಿದರು. ಹೊಸದೇನಾದರೂ ಹೇಳಲು ಬಾಯಿ ತೆರೆದರೆ ಯಾರಾದರೊಬ್ಬರು "ಇದೂ ಕಾರ್ಟೂನಾ ಮೇಡಂ?" ಅಂತ ಹಲ್ಲು ಕಿರಿಯುತ್ತಿದ್ದರು. ಆ ದಿನಗಳಲ್ಲಿ ಗಾಂಧಿ ಬಜಾರಿನಲ್ಲಿ ಹೂವು ತರಕಾರಿ ರಾಶಿಯ ನಡುವೆ ನಡೆಯುವಾಗ ಸುಮ್ಮಸುಮ್ಮನೆ ಅಳು ಬರುತ್ತಿತ್ತು. ಬಂದಷ್ಟೇ ಬೇಗ ಸಿಟ್ಟೂ ಬರುತ್ತಿತ್ತು. ಇಷ್ಟು ವರ್ಷ ನಾನು ಮಾಡಬೇಕು ಅಂತ ಇದ್ದದ್ದು ಒಂದೇ, ಅದನ್ನು ನನ್ನ ಅಮ್ಮನ ನಾಚಿಕೆ ನುಂಗಿಹಾಕಿತು ಅಂತ. ಮನೆಯಲ್ಲಿ ಅಮ್ಮನ ಹತ್ತಿರ ಮುಖ ಕೊಟ್ಟು ಮಾತಾಡುವುದೇ ಕಡಿಮೆಯಾಯಿತು. ಅವಳಿಗೆ ಕಾರಣ ಗೊತ್ತಾಗದೆ ಅವಳೂ ಸುಮ್ಮನಾದಳು.

ನಮ್ಮ ಜಾಗಕ್ಕೆ ಒಂದು ಸೀರಿಯಲ್ ಬಂತು. ಒಂದು ಶನಿವಾರ ಮಧ್ಯಾಹ್ನ ಅದರ ಮರುಪ್ರಸಾರ ಬರುತ್ತಿತ್ತು. ಅಪ್ಪ ಹೊರಗೆ ಹೋಗಿದ್ದರು. ಅಮ್ಮ ಒಣಗಿದ ಬಟ್ಟೆ ಮಡಿಸುತ್ತಾ ಕೂತಿದ್ದಳು. ತೆರೆಯ ಮೇಲೆ ಸೊಸೆ ಗಂಡನ ಕಾಲಿಗೆ ಬಿದ್ದು, ತಾನು ಮಾಡದ ತಪ್ಪಿಗೆ ಕ್ಷಮೆ ಕೇಳುತ್ತಿದ್ದಳು. ಅಮ್ಮ ಅಲ್ಲಾಡಲಿಲ್ಲ. ನನಗೆ ರೇಗಿತು.

"ಇದಕ್ಕೆ ನಿನ್ನ ಹಾಲು ಉಕ್ಕಲ್ವಾ?"

"ಇದರಲ್ಲಿ ಏಳೋ ಅಂಥದ್ದು ಏನಿದೆ? ಅಳ್ತಾಳೆ, ಅಷ್ಟೇ ತಾನೆ" ಅಂದಳು ಅಮ್ಮ. ಅಪ್ಪನ ಪಂಚೆ ಕೈಗೆತ್ತಿಕೊಂಡು, "ನಿಮ್ಮ ಆ ರಾಯರ ಹೆಂಡ್ತಿ ಚೆನ್ನಾಗಿದ್ಲು. ಬರ್ತಾ ಬರ್ತಾ ಯಾಕೆ ಅವಳ ಬಾಯಿ ಮುಚ್ಚಿಸಿಬಿಟ್ರಿ?" ಅಂದಳು.

ನಾನು ಅವಳನ್ನೇ ನೋಡಿದೆ. "ಅವಳು ಬಾಯಿ ಬಿಟ್ಟಾಗೆಲ್ಲ ನೀನೇ ಎದ್ದು ಹೋಗ್ತಿದ್ಯಲ್ಲಮ್ಮ."

"ಹೋಗದೆ ಇನ್ನೇನ್ ಮಾಡ್ಲಿ? ನಗು ತಡ್ಕೊಳಕ್ಕೆ ಆಗ್ಬೇಕಲ್ಲ. ನಿಮ್ಮಪ್ಪ ಅಲ್ಲೇ ಕೂತಿರ್ತಿದ್ರು."

"ಕೂತಿದ್ರೆ ಏನೀಗ?"

ಅಮ್ಮ ಅಪ್ಪನ ಪಂಚೆಯ ಅಂಚು ಸರಿಮಾಡಿ ಮಡಿಸಿದಳು. ಮದುವೆಯಾದ ಹೊಸದರಲ್ಲಿ ರೇಡಿಯೋ ನಾಟಕ ಕೇಳುತ್ತಾ ಇದೇ ನಡುಮನೆಯಲ್ಲಿ ಜೋರಾಗಿ ನಕ್ಕಿದ್ದಳಂತೆ. ನನ್ನ ಅಜ್ಜಿ, ಅಂದರೆ ಅವಳ ಅತ್ತೆ, ಒಳಗೆ ಕರೆದು, ಗಂಡಸರು ಕೂತಿರುವ ಕಡೆ ಹೆಣ್ಣುಮಕ್ಕಳು ಹೀಗೆ ಹಲ್ಲು ಬಿಡಬಾರದು ಅಂದರಂತೆ. ಅಪ್ಪ ಏನೂ ಅಂದಿರಲಿಲ್ಲ, ಆವತ್ತೂ ಅನ್ನಲಿಲ್ಲ, ಆಮೇಲೂ ಅನ್ನಲಿಲ್ಲ. "ಅದೇ ಅಭ್ಯಾಸ ಆಗೋಯ್ತು. ನಗು ಬಂದ್ರೆ ಒಳಗೆ ಹೋಗಿ ನಕ್ಕು ಬರೋದು."

"ಸಿನಿಮಾ ನೋಡೋವಾಗ ಎದ್ದು ಹೋಗ್ತಿದ್ದದ್ದು?"

"ಅದು ನಾಚಿಕೆಗೆ. ಇದು ನಗೋದಕ್ಕೆ. ಎರಡಕ್ಕೂ ಇರೋದು ಒಂದೇ ಅಡುಗೆಮನೆ ತಾನೆ."

"ಹಾಲು?"

"ಹಾಲು ಯಾವಾಗ್ಲೋ ಕಾಯಿಸಿಟ್ಟಿರ್ತಿದ್ದೆ ಕಣೇ."

ನಾನು ಕೇಳಿದೆ, "ದೋಸೆ ಮಾತಿಗೂ ನಗು ಬಂತಾ?"

"ಅದು ಬೇರೆ" ಅಂದು ಅಮ್ಮ ಇನ್ನೊಂದು ಬಟ್ಟೆ ತೆಗೆದುಕೊಂಡಳು.

ನನಗೆ ಆಗ ಆದದ್ದನ್ನು ದುಃಖ ಅನ್ನಲೂ ಆಗುವುದಿಲ್ಲ. ಮೈಯೆಲ್ಲ ಉರಿದುಹೋಯಿತು. ಆ ಹೆಂಗಸಿನ ಯಾವ ಮಾತು ನಿಜವಾಗಿ ತಾಗಿತೋ, ಹುಡುಕಿ ಹುಡುಕಿ ಅದನ್ನೇ ಕಿತ್ತು ಹಾಕಿದ್ದೆವು. ಅಮ್ಮ ಎದ್ದದ್ದನ್ನು ಇಡೀ ಆಫೀಸು ಬರೆದುಕೊಂಡಿತು. ಹಿಂದೆಯೇ ಹೋಗಿ ಅಡುಗೆಮನೆಯ ಬಾಗಿಲಲ್ಲಿ ಒಂದು ಸಲ ಇಣುಕೋಣ ಅಂತ ಯಾರಿಗೂ ಅನ್ನಿಸಲಿಲ್ಲ. ಆ ಮನೆಯಲ್ಲೇ ಹುಟ್ಟಿ ಬೆಳೆದ ನನಗೂ ಅನ್ನಿಸಲಿಲ್ಲ. ಯೋಚಿಸಿ ನೋಡಿದೆ, ಅಮ್ಮ ಜೋರಾಗಿ ನಕ್ಕದ್ದು ನನಗೆ ನೆನಪಿಗೇ ಬರಲಿಲ್ಲ. ಮುಗುಳುನಗೆ ಗೊತ್ತಿತ್ತು. ಅಷ್ಟೇ ಅವಳ ನಗು ಅಂದುಕೊಂಡಿದ್ದೆ.

ಎದ್ದು ಬೀರುವಿನ ಮೇಲಿನಿಂದ ಹಳೆಯ ಪೆನ್ಸಿಲ್ ಕ್ಯಾಸೆಟ್ಟುಗಳ ರಟ್ಟಿನ ಪೆಟ್ಟಿಗೆ ಇಳಿಸಿದೆ. ತೆಗೆದುಹಾಕಿದ ಸೀನುಗಳು ಲೋಕದಲ್ಲಿ ಬೇರೆಲ್ಲೂ ಇರಲಿಲ್ಲ, ಬಣ್ಣ ಕಾಣದೆ ಅದರೊಳಗೇ ಬಿದ್ದಿದ್ದವು. ವಿಸಿಆರ್ ಧೂಳು ಒರೆಸುವಾಗ "ಈಗ್ಯಾಕೆ ಅದೆಲ್ಲ" ಅಂದಳು ಅಮ್ಮ. ಅಷ್ಟು ಹೊತ್ತಿಗೆ ಅಪ್ಪ ಬಂದರು, ಚಪ್ಪಲಿ ಬಿಟ್ಟು, ಕಾಲು ತೊಳೆದು, ಕುರ್ಚಿಯಲ್ಲಿ ಕೂತರು. "ಏನದು?" ಅಂದರು. "ನಮ್ಮ ಹಳೇ ಕಾರ್ಟೂನು" ಅಂದೆ. ಅವರು ಪೇಪರ್ ಬಿಡಿಸಿಕೊಂಡರು.

ಉಪ್ಪಿನ ಸೀನಿಗೆ ಅಮ್ಮ ತಡೆದುಕೊಂಡಳು, ಕೈಯಲ್ಲಿದ್ದ ಟವೆಲನ್ನು ಮಡಿಸಿದ್ದನ್ನೇ ಮತ್ತೆ ಮಡಿಸಿದಳು. ಕನ್ನಡಕದ ಸೀನು ಶುರುವಾಯಿತು. ರಾಯರು ಕತ್ತಲಲ್ಲಿ ಸ್ಟೂಲಿಗೆ ಎಡವಿದರು. ಅಮ್ಮ ಎದ್ದಳು.

"ಹಾಲು ನೋಡಿ ಬರ್ತೀನಿ."

ಈ ಸಲ ನಾನು ಕಾಲಿನ ಉಗುರು ನೋಡಲಿಲ್ಲ. ಟೀವಿಯ ಹತ್ತಿರ ಹೋಗಿ, ಅಡುಗೆಮನೆಗೆ ಚೆನ್ನಾಗಿ ಕೇಳುವಷ್ಟು ವಾಲ್ಯೂಮ್ ಜಾಸ್ತಿ ಮಾಡಿದೆ. "ಕನ್ನಡಕ ಇದ್ದಾಗ್ಲೂ ನಿಮಗೆ ಏನೂ ಸಿಕ್ಕಿದ್ದು ನನಗೆ ನೆನಪಿಲ್ಲ" ಅಂತ ರಾಯರ ಹೆಂಡತಿಯ ಧ್ವನಿ ಇಡೀ ಮನೆಗೆ ಬಂತು. ಒಳಗಿನಿಂದ ಮೊದಲು ಸೆರಗಿನೊಳಗೆ ಅದುಮಿದ ಹಾಗೆ ಒಂದು ಸದ್ದು, ಆಮೇಲೆ ಅದುಮಲಾಗದೆ ನಗು. ದಪ್ಪನೆಯ, ಉಸಿರು ಸಿಕ್ಕಿಹಾಕಿಕೊಳ್ಳುವ, ನಿಲ್ಲಿಸಲು ಹೋಗಿ ಮತ್ತೆ ಶುರುವಾಗುವ ನಗು. ನಾನೂ ಅದನ್ನು ಕೇಳುತ್ತಿದ್ದದ್ದು ಆವತ್ತೇ ಮೊದಲು.

ಅಪ್ಪ ಪೇಪರ್ ಇಳಿಸಿದರು. "ಯಾರೇ ಅದು ಒಳಗೆ? ಯಾರಾದ್ರೂ ಬಂದಿದಾರಾ?"

"ಯಾರೂ ಬಂದಿಲ್ಲ. ಅಮ್ಮ ನಗ್ತಿರೋದು."

ಅಪ್ಪ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಪೇಪರ್ ಮತ್ತೆ ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ನೆಂಟರ ಎದುರಿಗೆ ಮಾತಾಡುವ ಸಣ್ಣ ಧ್ವನಿಯಲ್ಲಿ, "ವಾಲ್ಯೂಮ್ ಒಂಚೂರು ಕಮ್ಮಿ ಮಾಡು" ಅಂದರು. ನಾನು ಮಾಡಲಿಲ್ಲ.